ಪಟ್ಟ ಬಿಟ್ಟು ನಡೆದ ಗುರು: ಸಂತ ಜೋಸೆಫ್ ವಾಜ್



ಆತ್ಮಕ್ಕೆ ಮೂರು ವೈರಿಗಳಿವೆ ಎಂದು ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿದವರೇ: ಲೋಕ, ಪಿಶಾಚಿ ಮತ್ತು ಶರೀರ. ಇವುಗಳಲ್ಲಿ ಲೋಕ ಎಂದರೇನು ಎಂದು ಮಕ್ಕಳನ್ನು ಕೇಳಿದರೆ ಸಿನೆಮಾ, ಕುಡಿತ, ಆಡಂಬರದ ಮದುವೆ, ಚಿನ್ನ ಎಂದು ಪಟ್ಟಿ ಕೊಡುತ್ತಾರೆ. ಆ ಉತ್ತರ ತಪ್ಪಲ್ಲ. ಆದರೆ ಧರ್ಮಸಭೆಯ ಸೇವೆಯಲ್ಲಿರುವ ನಮ್ಮಂಥವರ ಬಳಿಗೆ ಲೋಕವು ಆ ವೇಷದಲ್ಲಿ ಬರುವುದು ಕಡಿಮೆ. ನಮ್ಮ ಬಳಿಗೆ ಅದು ನಿಲುವಂಗಿ ತೊಟ್ಟು ಬರುತ್ತದೆ. ಅಧ್ಯಕ್ಷ ಸ್ಥಾನ, ಮೆರವಣಿಗೆಯಲ್ಲಿ ಮುಂದಿನ ಸಾಲು, ಶಿಲಾಫಲಕದಲ್ಲಿ ಹೆಸರು, ಇದು ನನ್ನ ವ್ಯಾಪ್ತಿಗೆ ಸೇರಿದ್ದು ಎನ್ನುವ ಹಟ ಇವೇ ಅದರ ರೂಪಗಳು. ಗುರುದೀಕ್ಷೆ ಪಡೆದ ಆರಂಭದ ವರ್ಷಗಳಲ್ಲಿ ವರ್ಗಾವಣೆಯ ಪತ್ರ ಕೈಗೆ ಬಂದಾಗ ನಾವು ಮೊದಲು ಲೆಕ್ಕ ಹಾಕಿದ್ದು ಆ ಧರ್ಮಕೇಂದ್ರದಲ್ಲಿ ಎಷ್ಟು ಕುಟುಂಬಗಳಿವೆ ಎಂಬುದನ್ನೇ. ಸಂಖ್ಯೆ ಚಿಕ್ಕದಾಗಿದ್ದಾಗ ಮುಖವೂ ಚಿಕ್ಕದಾಗಿತ್ತು. ಮರೆಮಾಚುವುದೇಕೆ?

ಅದಕ್ಕೇ ಸಂತ ಜೋಸೆಫ್ ವಾಜ್ ಅವರ ಜೀವನವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕೆನಿಸಿತು. ಕರಾವಳಿಯ ಕಥೋಲಿಕರಾದ ನಮಗೆ ಅವರು ಹೊಸಬರಲ್ಲ. ಮುಡಿಪುವಿನ ಗುಡ್ಡ ಹತ್ತಿದವರು, ಗಂಗೊಳ್ಳಿಯ ಶಿಲುಬೆಯ ಮುಂದೆ ಮೊಣಕಾಲೂರಿದವರು ನಮ್ಮಲ್ಲಿ ಸಾವಿರಾರು ಮಂದಿ ಇದ್ದಾರೆ. ಆದರೆ ಬುಗ್ಗೆ ಮತ್ತು ಪವಾಡಗಳ ಕಥೆಗಳ ನಡುವೆ ಅವರು ಬಿಟ್ಟುಕೊಟ್ಟ ಸ್ಥಾನಮಾನಗಳ ಕಥೆ ನಮ್ಮ ಪ್ರವಚನಗಳಲ್ಲಿ ಅಷ್ಟಾಗಿ ಬರುವುದಿಲ್ಲ.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಸಾಲ್ಸೆಟ್ ಪ್ರದೇಶದ ಬಾಣಾವಲಿಯ ತಾಯಿಮನೆಯಲ್ಲಿ. ತಂದೆ ಕ್ರಿಸ್ತೋವಾಂವ್ ವಾಜ್ ಸಾಂಕವಾಳದವರು. ತಾಯಿ ಮರಿಯಾ ದೆ ಮಿರಾಂಡಾ. ಕೊಂಕಣಿ ಬ್ರಾಹ್ಮಣ ಮೂಲದ, ಊರಿನಲ್ಲಿ ಗೌರವವಿದ್ದ ಮನೆತನ. ಗೋವೆಯಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲೂ ಬಳಿಕ ದೊಮಿನಿಕ್ ಸಭೆಯವರ ಸಂತ ಥಾಮಸ್ ಅಕ್ವಿನಾಸರ ವಿದ್ಯಾಲಯದಲ್ಲೂ ಓದಿ 1676ರಲ್ಲಿ ಗುರುದೀಕ್ಷೆ ಪಡೆದರು. ಆ ಕಾಲದ ಗೋವೆಯಲ್ಲಿ ದೇಶೀಯ ಗುರುವಿಗೆ ದಾರಿ ಸುಲಭವಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ದೊಡ್ಡ ಸನ್ಯಾಸ ಸಭೆಗಳು ಭಾರತೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಉನ್ನತ ಹುದ್ದೆಗಳು ಪೋರ್ಚುಗೀಸರಿಗೆ ಮೀಸಲಾಗಿದ್ದವು. ಅಂಥ ಸ್ಥಿತಿಯಲ್ಲಿ ಒಬ್ಬ ಪ್ರತಿಭಾವಂತ ದೇಶೀಯ ಗುರುವಿಗೆ ಸ್ಥಾನದ ಆಸೆ ಹುಟ್ಟಿದ್ದರೆ ಅದನ್ನು ಪಾಪವೆನ್ನಲು ನಮಗೆ ಧೈರ್ಯ ಬಾರದು. ನ್ಯಾಯವಾಗಿ ಸಿಗಬೇಕಾದದ್ದನ್ನು ಬಯಸುವುದೂ ಒಂದು ಶೋಧನೆಯೇ, ಅದೂ ಬಹಳ ಸೂಕ್ಷ್ಮವಾದ ಶೋಧನೆ.

ಗುರುದೀಕ್ಷೆಯಾದ ಸ್ವಲ್ಪ ಕಾಲದಲ್ಲೇ ಅವರು ಪಾದರಕ್ಷೆ ಬಿಟ್ಟು ಬರಿಗಾಲಲ್ಲಿ ನಡೆಯತೊಡಗಿದರು. ಬಡವರು ನಡೆಯುವಂತೆ ನಡೆಯುವುದು ಅವರ ಇಚ್ಛೆಯಾಗಿತ್ತು. ಸಾಂಕವಾಳದಲ್ಲಿ ಲತೀನ್ ಶಾಲೆಯೊಂದನ್ನು ನಡೆಸಿದರು. ಪ್ರವಚನಕಾರರಾಗಿಯೂ ಪಾಪನಿವೇದನೆ ಕೇಳುವ ಗುರುವಾಗಿಯೂ ಗೋವೆ ನಗರದಲ್ಲಿ ಹೆಸರು ಬಂತು. 1677ರ ಆಗಸ್ಟ್ 5ರಂದು ತಾನು ಮಾತೆ ಮರಿಯಮ್ಮನವರ ದಾಸನೆಂದು ಒಂದು ದಾಸ್ಯಪತ್ರ ಬರೆದು ಸಹಿ ಹಾಕಿದರು. ಮನುಷ್ಯರನ್ನು ಕೊಳ್ಳುವುದು, ಮಾರುವುದು ನಡೆಯುತ್ತಿದ್ದ ನಗರದಲ್ಲಿ ಕುಲೀನ ಮನೆಯ ವಿದ್ಯಾವಂತನೊಬ್ಬ ತನ್ನನ್ನು ದಾಸನೆಂದು ಬರೆದುಕೊಂಡದ್ದು ಬರೀ ಭಕ್ತಿಯ ಮಾತಾಗಿರಲಾರದು.

ಅವರ ಮನಸ್ಸು ಆಗ ಇದ್ದದ್ದು ಸಿಂಹಳದಲ್ಲಿ. 1658ರಲ್ಲಿ ಜಾಫ್ನಾ ಡಚ್ಚರ ವಶವಾದ ಮೇಲೆ ಅಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶ ನಿಷಿದ್ಧವಾಗಿತ್ತು. ಪೂಜೆಯಿಲ್ಲದೆ, ಸಂಸ್ಕಾರಗಳಿಲ್ಲದೆ ಒಂದು ಇಡೀ ತಲೆಮಾರು ಬೆಳೆದಿತ್ತು. ತನ್ನನ್ನು ಅಲ್ಲಿಗೆ ಕಳುಹಿಸಿ ಎಂದು ಜೋಸೆಫ್ ವಾಜ್ ಕೇಳಿಕೊಂಡರು. ಗೋವೆಯ ಅಧಿಕಾರಿಗಳು ಕಳುಹಿಸಿದ್ದು ಕೆನರಾಕ್ಕೆ, ಅದೂ ವಿಗಾರ್ ಎಂಬ ಅಧಿಕಾರದ ಪಟ್ಟ ಕೊಟ್ಟು. 1681ರಲ್ಲಿ, ಮೂವತ್ತರ ಹರೆಯದಲ್ಲಿ, ಅವರು ನಮ್ಮ ಕರಾವಳಿಗೆ ಬಂದರು.

ಆಗಿನ ಕೆನರಾ ಹೇಗಿತ್ತು? ಶಿವಪ್ಪ ನಾಯಕನು 1650ರ ದಶಕದ ಆರಂಭದಲ್ಲಿ ಹೊನ್ನಾವರ, ಬಸ್ರೂರು, ಗಂಗೊಳ್ಳಿ, ಮಂಗಳೂರು ಕೋಟೆಗಳಿಂದ ಪೋರ್ಚುಗೀಸರನ್ನು ಹೊರಹಾಕಿದ್ದ. ಕೋಟೆಗಳ ನೆರಳಲ್ಲಿದ್ದ ಇಗರ್ಜಿಗಳಿಗೆ ಅದರಿಂದ ಪೆಟ್ಟು ಬಿತ್ತು. ನಂತರ ಕೆಳದಿಯ ಅರಸರೊಂದಿಗೆ ಒಪ್ಪಂದಗಳಾದವು. 1678ರ ಒಪ್ಪಂದದಲ್ಲಿ ಮಿರ್ಜಾನ, ಹೊನ್ನಾವರ, ಚಂದಾವರ, ಭಟ್ಕಳ ಮತ್ತು ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ಸಿಕ್ಕಿತು. ಕೆಳದಿಯಲ್ಲಿ ಆಗ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ನಮ್ಮ ಹಿರಿಯರ ದೇವಾಲಯಗಳು ಎದ್ದು ನಿಂತದ್ದು ವೀರಶೈವ ರಾಜಮನೆತನವೊಂದರ ಒಪ್ಪಿಗೆಯಿಂದ ಎಂಬುದನ್ನು ನಾವು ಮರೆಯಬಾರದು.

ಹೊರಗಿನ ತೊಂದರೆ ಹೀಗೆ ಸ್ವಲ್ಪ ಕಡಿಮೆಯಾಗಿತ್ತು. ದೊಡ್ಡ ತೊಂದರೆ ಒಳಗೇ ಇತ್ತು. ಪೂರ್ವ ದೇಶಗಳ ಧರ್ಮಾಧ್ಯಕ್ಷರ ನೇಮಕದಲ್ಲಿ ಪೋರ್ಚುಗಲ್ಲಿನ ಅರಸನಿಗೆ ಜಗದ್ಗುರುಗಳೇ ಹಿಂದೆ ಹಕ್ಕು ಕೊಟ್ಟಿದ್ದರು, ಇದು ಪಾದ್ರುವಾದೊ. ಆದರೆ ಪೋರ್ಚುಗಲ್ಲಿನ ಶಕ್ತಿ ಕುಂದುತ್ತಿದ್ದಂತೆ ಧರ್ಮಪ್ರಚಾರದ ಹೊಣೆಗಾಗಿ 1622ರಲ್ಲಿ ರೋಮಿನಲ್ಲಿ ಪ್ರೊಪಗಾಂದ ಎಂಬ ಪ್ರತ್ಯೇಕ ಪೀಠ ಸ್ಥಾಪನೆಯಾಯಿತು. ಅದರ ಮೂಲಕ ನೇಮಕಗೊಂಡ ಧರ್ಮಾಧ್ಯಕ್ಷ ಥಾಮಸ್ ದೆ ಕಾಸ್ತ್ರೊ ಮಂಗಳೂರಿನಲ್ಲಿ ನೆಲೆಸಿದ್ದರು. ಅವರೂ ಗೋವೆಯವರೇ, ದೀವಾಡ್ ದ್ವೀಪದವರು. ಗೋವೆಯ ಮಹಾಧರ್ಮಾಧ್ಯಕ್ಷರ ಕಡೆಯವರು ಅವರ ಅಧಿಕಾರವನ್ನು ಒಪ್ಪಲಿಲ್ಲ. ಒಂದೇ ಊರು, ಒಂದೇ ವಿಶ್ವಾಸ, ಒಂದೇ ಪೂಜೆ, ಎರಡು ಅಧಿಕಾರ. ಒಂದು ಪಕ್ಷದ ಗುರುಗಳು ಕೊಟ್ಟ ಸಂಸ್ಕಾರ ಸಲ್ಲುವುದಿಲ್ಲ ಎಂದು ಇನ್ನೊಂದು ಪಕ್ಷ ಹೇಳುವ ಮಟ್ಟಕ್ಕೆ ಜಗಳ ಬೆಳೆಯಿತು. ಬಹಿಷ್ಕಾರದ ಮಾತುಗಳೂ ಬಂದವು. ತನ್ನ ಮದುವೆ ಮದುವೆಯೋ ಅಲ್ಲವೋ, ತನಗೆ ದೊರೆತ ಪಾಪಕ್ಷಮೆ ಕ್ಷಮೆಯೋ ಅಲ್ಲವೋ ಎಂದು ಹೆದರಿದ ಬೊಳಾರದ ಬೆಸ್ತನನ್ನೋ ಕಲ್ಯಾಣಪುರದ ರೈತ ಹೆಂಗಸನ್ನೋ ಒಮ್ಮೆ ಊಹಿಸಿಕೊಳ್ಳಿ. ಗುರುಗಳ ಜಗಳದಲ್ಲಿ ಪೆಟ್ಟು ತಿಂದವರು ಅವರು.

ಜೋಸೆಫ್ ವಾಜ್ ಬಂದದ್ದು ಪಾದ್ರುವಾದೊ ಪಕ್ಷದ ವಿಗಾರ್ ಆಗಿ. ತಮ್ಮ ಪಕ್ಷದ ಹಕ್ಕನ್ನು ಎತ್ತಿ ಹಿಡಿಯಬೇಕೆಂಬುದೇ ಅವರಿಂದ ಇದ್ದ ನಿರೀಕ್ಷೆ. ಅವರ ಜಾಗದಲ್ಲಿ ಬಿಸಿರಕ್ತದ ಗುರುವೊಬ್ಬನಿದ್ದರೆ ಮೊದಲ ಭಾನುವಾರವೇ ಪ್ರವಚನ ಪೀಠದಿಂದ ಗುಡುಗುತ್ತಿದ್ದ. ಅದಕ್ಕೆ ಗೋವೆಯಲ್ಲಿ ಮೆಚ್ಚುಗೆಯೂ ಸಿಗುತ್ತಿತ್ತು. ಇವರು ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡು ಮಾತನಾಡಿದರು. ರೋಮಿನಿಂದ ಸ್ಪಷ್ಟ ತೀರ್ಮಾನ ಬರುವವರೆಗೆ ಜನರ ಆತ್ಮಗಳಿಗೆ ಹಾನಿಯಾಗಬಾರದೆಂದು ಎರಡೂ ಕಡೆಯವರಲ್ಲಿ ವಿನಂತಿಸಿಕೊಂಡರು. ತಮ್ಮನ್ನು ಕಳುಹಿಸಿದವರಿಗೆ ವಿಧೇಯರಾಗಿಯೇ ಎದುರು ಪಕ್ಷದವರನ್ನು ವೈರಿಗಳೆಂದು ಕಾಣದೆ ನಡೆದುಕೊಂಡರು. ಇದರಿಂದ ಜಗಳ ಮುಗಿಯಲಿಲ್ಲ. ಅವರ ಕಾಲದ ನಂತರವೂ ಬಹುಕಾಲ ಅದು ನಮ್ಮ ಕರಾವಳಿಯನ್ನು ಕಾಡಿತು. ಜಯ ಗಳಿಸುವುದು ಅವರ ಉದ್ದೇಶವಾಗಿರಲಿಲ್ಲ ಎಂದೇ ನಮಗೆ ತೋರುತ್ತದೆ. ಇಂದಿನ ಪಾಲನಾ ಮಂಡಳಿಗಳ ಕಲಹಗಳನ್ನು ನೋಡುವಾಗ, ಎರಡು ವಾಳೆಗಳ ನಡುವೆ ಮೇಣದಬತ್ತಿ ಹಿಡಿಯುವ ಸರದಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟವರನ್ನು ಕಾಣುವಾಗ, ಈ ಮೂವತ್ತರ ಗುರುವಿನ ಸಂಯಮ ಎಷ್ಟು ಕಷ್ಟದ್ದಾಗಿತ್ತೆಂದು ಅರ್ಥವಾಗುತ್ತದೆ.

ಅಧಿಕಾರದ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಅವರು ನಡೆಯತೊಡಗಿದರು. ಮಂಗಳೂರಿನ ರೊಜಾರಿಯೊದಿಂದ ಮೂಲ್ಕಿ, ಕಲ್ಯಾಣಪುರ, ಬಸ್ರೂರು, ಕುಂದಾಪುರ, ಗಂಗೊಳ್ಳಿ, ಹೊನ್ನಾವರಗಳವರೆಗೆ ಓಡಾಟ. ನೇತ್ರಾವತಿಯಿಂದ ಶರಾವತಿಯವರೆಗೆ ಎಷ್ಟು ಹೊಳೆಗಳು, ಎಷ್ಟು ಕಡವುಗಳು, ಮಳೆಗಾಲದಲ್ಲಿ ಎಂಥ ಕೆಸರು ಎಂಬುದು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಬಿದ್ದ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಮಕ್ಕಳಿಗೆ ಶಾಲೆ ತೆರೆದರು, ಭಕ್ತಸಂಘಗಳನ್ನು ಕಟ್ಟಿದರು. ಗುರುವಿನ ಮುಖವನ್ನೇ ಕಾಣದೆ ವರ್ಷಗಳಾಗಿದ್ದ ಮನೆಗಳಿಗೆ ಹೋಗಿ ಪಾಪನಿವೇದನೆ ಕೇಳಿದರು. ಗುರುವಿಲ್ಲದ ಊರಿನಲ್ಲಿ ಶ್ರೀಸಾಮಾನ್ಯರೇ ಕೂಡಿ ಪ್ರಾರ್ಥಿಸುವಂತೆ ಏರ್ಪಾಡು ಮಾಡುವ ಅಭ್ಯಾಸ ಅವರಿಗೆ ಇಲ್ಲೇ ಬೆಳೆಯಿತು. ಮುಂದೆ ಸಿಂಹಳದಲ್ಲಿ ಅವರ ಕೆಲಸವೆಲ್ಲ ನಿಂತದ್ದು ಇದರ ಮೇಲೆಯೇ.

ಮುಡಿಪುವಿನ ಬುಗ್ಗೆಗಳ ಕಥೆ ಈ ಕಾಲದ್ದೆಂದು ನಮ್ಮ ಜನ ನಂಬಿದ್ದಾರೆ. ರೋಗಿಯನ್ನು ನೋಡಲು ಬರಬೇಕೆಂದು ಸುಳ್ಳು ಹೇಳಿ ಗುಡ್ಡಕ್ಕೆ ಕರೆದೊಯ್ದವರು ಅವರನ್ನು ಕೊಲ್ಲಲು ಹೊರಟಿದ್ದರೆಂದೂ, ಅವರು ಪ್ರಾರ್ಥಿಸಿ ಊರುಗೋಲನ್ನು ನೆಲಕ್ಕೆ ಊರಿದ ಮೂರು ಕಡೆ ನೀರು ಚಿಮ್ಮಿತೆಂದೂ ಹೇಳುತ್ತಾರೆ. ಗಂಗೊಳ್ಳಿಯಲ್ಲಿ ಅವರು ಶಿಲುಬೆಯ ಮುಂದೆ ಪರವಶರಾಗಿ ಪ್ರಾರ್ಥಿಸುತ್ತಿದ್ದುದನ್ನು ಜನ ಕಂಡರೆಂಬ ಮಾತೂ ಇದೆ. ಇವುಗಳ ಮೇಲೆ ವಾದ ಮಾಡುವುದು ನಮ್ಮ ಉದ್ದೇಶವಲ್ಲ. ರೋಗಿಯೊಬ್ಬ ಕರೆಯುತ್ತಿದ್ದಾನೆ ಎಂದರೆ ಇವರು ಬಂದೇ ಬರುತ್ತಾರೆ ಎಂಬ ಭರವಸೆ ವೈರಿಗಳಿಗೂ ಇತ್ತೆಂಬುದನ್ನು ಮಾತ್ರ ನಾವು ಆ ಕಥೆಯಲ್ಲಿ ಗಮನಿಸುತ್ತೇವೆ.

1684ರಲ್ಲಿ ಅವರು ಗೋವೆಗೆ ಹಿಂದಿರುಗಿದರು. ಅದೇ ವರ್ಷ ಧರ್ಮಾಧ್ಯಕ್ಷ ದೆ ಕಾಸ್ತ್ರೊ ಮಂಗಳೂರಿನಲ್ಲಿ ತೀರಿಕೊಂಡರು. ಗೋವೆಯ ಪವಾಡದ ಶಿಲುಬೆಯ ಇಗರ್ಜಿಯಲ್ಲಿ ಕೆಲವು ದೇಶೀಯ ಗುರುಗಳು ಒಟ್ಟಾಗಿ ಬಾಳುತ್ತಿದ್ದರು. 1685ರ ಸೆಪ್ಟೆಂಬರಿನಲ್ಲಿ ಜೋಸೆಫ್ ವಾಜ್ ಅವರನ್ನು ಸೇರಿದರು. ಸೇರಿದ ಬೆನ್ನಿಗೇ ಇವರನ್ನೇ ಹಿರಿಯರನ್ನಾಗಿ ಆರಿಸಲಾಯಿತು. ಸಂತ ಫಿಲಿಪ್ ನೇರಿಯವರ ಒರತೋರಿಯ ಮಾದರಿಯಲ್ಲಿ ಆ ಬಳಗಕ್ಕೆ ರೂಪ ಬಂತು. ಭಾರತೀಯ ಗುರುಗಳೇ ಕಟ್ಟಿ ಭಾರತೀಯ ಗುರುಗಳೇ ನಡೆಸುವ ಸಂಸ್ಥೆಯ ಮುಖ್ಯಸ್ಥ! ಆ ಕಾಲದ ದೇಶೀಯ ಗುರುವಿಗೆ ಇದಕ್ಕಿಂತ ದೊಡ್ಡ ಗೌರವ ಏನಿದ್ದೀತು? ಅಲ್ಲೇ ಉಳಿದಿದ್ದರೆ ಸಂಸ್ಥಾಪಕರೆಂಬ ಕೀರ್ತಿಯಲ್ಲಿ ಮುದುಕರಾಗಬಹುದಿತ್ತು. ಅವರು ಆ ಸ್ಥಾನದಲ್ಲಿ ಇದ್ದದ್ದು ಕೆಲವೇ ತಿಂಗಳು. 1686ರ ಮಾರ್ಚಿನಲ್ಲಿ ಸಿಂಹಳದ ದಾರಿ ಹಿಡಿದರು.

ಹೋಗುವ ದಾರಿಯಲ್ಲಿ ಕೆನರಾದ ಜನರನ್ನು ಮತ್ತೊಮ್ಮೆ ಕಂಡರು. ಮುಂದೆ ದಕ್ಷಿಣಕ್ಕೆ ಸಾಗುವಾಗ ಜೊತೆಯಲ್ಲಿ ಉಳಿದವನು ಮನೆಯ ಸೇವಕ ಜುವಾಂವ್ ಒಬ್ಬನೇ. ತೂತುಕುಡಿಯಿಂದ 1687ರ ಈಸ್ಟರ್ ಸಮಯದಲ್ಲಿ ಕೂಲಿಯವನ ವೇಷದಲ್ಲಿ ಹಡಗು ಹತ್ತಿದರು. ಜಾಫ್ನಾ ತಲಪುವಷ್ಟರಲ್ಲಿ ಇಬ್ಬರಿಗೂ ರಕ್ತಭೇದಿ ತಗುಲಿ ಪ್ರಾಣಕ್ಕೇ ಸಂಚಕಾರ ಬಂದಿತ್ತು. ಕಥೋಲಿಕರು ಯಾರೆಂದು ಬಾಯಿಬಿಟ್ಟು ಕೇಳುವಂತಿರಲಿಲ್ಲ. ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಮಾಲೆ ಕಂಡು ಯಾರ ಮುಖದಲ್ಲಿ ಬೆಳಕು ಮೂಡುತ್ತದೆಂದು ನೋಡಿದರು. ಗೋವೆಯ ಕುಲೀನ ಮನೆಯ ಮಗ, ಕೆನರಾದ ಮಾಜಿ ವಿಗಾರ್, ಒರತೋರಿಯ ಹಿರಿಯ ಪರರ ಹೊಸ್ತಿಲಲ್ಲಿ ಕೈಯೊಡ್ಡಿ ನಿಂತದ್ದು ಹೀಗೆ.

ಜಾಫ್ನಾದ ಸಿಲ್ಲಾಲೈ ಗ್ರಾಮದವರು ಅವರನ್ನು ಅಡಗಿಸಿಟ್ಟು ಕಾಪಾಡಿದರು. ರಾತ್ರಿ ಹೊತ್ತು ಪೂಜೆ, ಹಗಲು ಅಜ್ಞಾತವಾಸ. 1689ರ ಕ್ರಿಸ್ಮಸ್ ರಾತ್ರಿ ಡಚ್ಚರು ದಾಳಿ ಮಾಡಿ ನೂರಾರು ಜನರನ್ನು ಹಿಡಿದರೂ ಗುರುಗಳು ಸಿಗಲಿಲ್ಲ. ನಂತರ ಪುತ್ತಳಂ, ಅಲ್ಲಿಂದ 1692ರಲ್ಲಿ ಬೌದ್ಧ ಅರಸ ಎರಡನೇ ವಿಮಲಧರ್ಮಸೂರ್ಯನ ರಾಜಧಾನಿ ಕ್ಯಾಂಡಿ. ಪೋರ್ಚುಗೀಸರ ಗೂಢಚಾರನೆಂಬ ದೂರಿನ ಮೇಲೆ ಸೆರೆಗೆ ಹಾಕಿದರು. ಸೆರೆಯಲ್ಲಿ ಅವರು ಸಿಂಹಳ ಭಾಷೆ ಕಲಿತರು. ಮುಂದೆ ಬರಗಾಲದ ಸಮಯದಲ್ಲಿ ಅವರ ಪ್ರಾರ್ಥನೆಗೆ ಮಳೆ ಬಂತೆಂಬುದು ಶ್ರೀಲಂಕಾದ ಕಥೋಲಿಕರು ಇಂದಿಗೂ ಹೇಳುವ ಸಂಗತಿ. ಅರಸನ ಮನಸ್ಸು ಅವರತ್ತ ತಿರುಗಿತು.

ರಾಜನ ಕೃಪೆ ಸಿಕ್ಕ ಗುರುವಿಗೆ ಅರಮನೆಯ ಬಾಗಿಲು ತೆರೆದೇ ಇರುತ್ತದೆ. ಜೋಸೆಫ್ ವಾಜ್ ಆ ಕೃಪೆಯನ್ನು ಬಳಸಿಕೊಂಡದ್ದು ಹೊರಗೆ ನಡೆದಾಡುವ ಅನುಮತಿಗೆ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಅರಸ ಮತ್ತು ದೊಡ್ಡವರು ನಗರ ಬಿಟ್ಟರು. ಸೋಂಕು ತಗುಲಿದವರನ್ನು ಮನೆಯವರೇ ಕಾಡಿನಂಚಿಗೆ ಹಾಕಿ ಹೋಗುತ್ತಿದ್ದರು. ಜೋಸೆಫ್ ವಾಜ್, ಹೊಸದಾಗಿ ಗೋವೆಯಿಂದ ಬಂದಿದ್ದ ಸಹೋದ್ಯೋಗಿ ಗುರುವಿನೊಡನೆ, ಅಂಥವರನ್ನು ಹುಡುಕಿ ಗುಡಿಸಲು ಕಟ್ಟಿ ಮಲಗಿಸಿದರು. ತೊಳೆದರು, ಉಣಿಸಿದರು, ಸತ್ತವರಿಗೆ ಗುಂಡಿ ತೋಡಿದರು. ಬೌದ್ಧರು, ಕ್ರೈಸ್ತರು ಎಂದು ನೋಡಲಿಲ್ಲ.

ಆ ವೇಳೆಗೆ ಕೊಚ್ಚಿಯ ಧರ್ಮಾಧ್ಯಕ್ಷರು ಅವರನ್ನು ಸಿಂಹಳದ ಶ್ರೇಷ್ಠ ಗುರುವಾಗಿ ನೇಮಿಸಿದ್ದರು. ಇದನ್ನು ಅವರು ಒಪ್ಪಿದರು. ಹಾಗಾಗಿ ಅವರು ಹುದ್ದೆಗಳನ್ನು ಕಂಡು ಓಡುತ್ತಿದ್ದವರು ಎಂದು ತಿಳಿಯುವುದು ಸರಿಯಲ್ಲ. ಕೆಲಸದ ಭಾರವಾಗಿ ಬಂದದ್ದನ್ನು ಹೊತ್ತರು, ಗೌರವವಾಗಿ ಬಂದದ್ದನ್ನು ಬಿಟ್ಟರು. ಎರಡೂ ಒಂದೇ ಪತ್ರದಲ್ಲಿ ಬರುವುದುಂಟು, ಬಿಡಿಸಿ ನೋಡುವುದು ಸುಲಭವಲ್ಲ. 1704ರ ಸುಮಾರಿಗೆ ಜಗದ್ಗುರುಗಳ ಪ್ರತಿನಿಧಿ ಮೈಲಾರ್ದ್ ದೆ ತೂರ್ನೊಂ ಪುದುಚೇರಿಯಲ್ಲಿದ್ದಾಗ ಈ ಗುರುವಿನ ಕೆಲಸದ ಬಗ್ಗೆ ಕೇಳಿ ತಿಳಿದು ಅವರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡಲು ಮುಂದಾದರು. ದೇಶೀಯ ಗುರುವೊಬ್ಬನಿಗೆ ಆ ಶತಮಾನದಲ್ಲಿ ಇದು ಎಂಥ ಅವಕಾಶವೆಂದು ಯೋಚಿಸಿ. ಅವರು ಒಪ್ಪಲಿಲ್ಲ. ಚರಿತ್ರೆ ಬರೆದವರು ಇದನ್ನು ದೈನ್ಯವೆಂದಿದ್ದಾರೆ, ನಿಜವೇ. ಆದರೆ ರೋಮಿನಿಂದ ನೇರವಾಗಿ ಬರುವ ಧರ್ಮಾಧ್ಯಕ್ಷ ಪಟ್ಟವು ಪಾದ್ರುವಾದೊ ಪ್ರದೇಶದಲ್ಲಿ ಏನು ಮಾಡಬಲ್ಲದು ಎಂಬುದನ್ನು ಮಂಗಳೂರಿನಲ್ಲಿ ಮೂರು ವರ್ಷ ಕಣ್ಣಾರೆ ಕಂಡವರು ಅವರು. ಬೊಳಾರದ ಆ ಹೆದರಿದ ಮುಖಗಳು ಅವರಿಗೆ ನೆನಪಾಗಿದ್ದವೋ ಏನೋ. ಇದು ನಮ್ಮ ಊಹೆ ಮಾತ್ರ.

ಸಹಾಯಕ್ಕೆ ಗೋವೆಯಿಂದ ಒರತೋರಿಯ ಗುರುಗಳು ಬರುತ್ತಲೇ ಇದ್ದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳಿನಲ್ಲಿ ಗ್ರಂಥಗಳನ್ನು ಬರೆದು ಹೆಸರಾದರು; ಸಿಂಹಳ ಕಥೋಲಿಕ ಸಾಹಿತ್ಯದ ಪಿತಾಮಹರೆಂದು ಅವರನ್ನು ಕರೆಯುತ್ತಾರೆ. ಇಂಥ ಸಮರ್ಥರಿಗೆ ಜೋಸೆಫ್ ವಾಜ್ ಕೆಲಸ ಹಂಚಿಕೊಟ್ಟರು. ತನಗಿಂತ ಹೆಚ್ಚು ಓದಿದ ಸಹಾಯಕ ಗುರು ಬಂದಾಗ ಹಿರಿಯ ಗುರುವಿನ ಮನಸ್ಸಿನಲ್ಲಿ ಏನಾಗುತ್ತದೆಂದು ಬಲ್ಲವರು ಬಲ್ಲರು! ಇಲ್ಲಿ ಮಾತ್ರ ಅಂಥದ್ದೇನೂ ಕಾಣಿಸುವುದಿಲ್ಲ.

1710ರಿಂದ ಅವರ ದೇಹ ಸೋಲುತ್ತ ಬಂತು. 1711ರ ಜನವರಿ 16ರ ಶುಕ್ರವಾರ ಕ್ಯಾಂಡಿಯಲ್ಲಿ, ಉರಿಯುವ ಮೇಣದಬತ್ತಿಯನ್ನು ಕೈಯಲ್ಲಿ ಹಿಡಿದು ಯೇಸುವಿನ ನಾಮವನ್ನು ಉಚ್ಚರಿಸುತ್ತ ಪ್ರಾಣ ಬಿಟ್ಟರು. ಇನ್ನು ಮೂರು ತಿಂಗಳಿಗೆ ಅರುವತ್ತು ತುಂಬುತ್ತಿತ್ತು. ಗೋವೆಯಿಂದ ಹೊರಟ ಮೇಲೆ ಇಪ್ಪತ್ತೈದು ವರ್ಷ ಅವರು ಮನೆಗೆ ಹಿಂದಿರುಗಿರಲಿಲ್ಲ. ಒಬ್ಬನೇ ಒಬ್ಬ ಗುರುವಿಲ್ಲದೆ ಇದ್ದ ದ್ವೀಪದಲ್ಲಿ ಅವರು ತೀರಿಕೊಂಡಾಗ ಸುಮಾರು 70,000 ಕಥೋಲಿಕರಿದ್ದರೆಂದು ಹೇಳಲಾಗುತ್ತದೆ.

ಲೋಕವು ಅವರನ್ನು ಗುರುತಿಸಲು ಬಹಳ ತಡವಾಯಿತು. 1995ರ ಜನವರಿ 21ರಂದು ಜಗದ್ಗುರು ಎರಡನೇ ಜಾನ್ ಪಾಲ್ ಕೊಲಂಬೊದಲ್ಲಿ ಅವರನ್ನು ಪುಣ್ಯವಂತರೆಂದು ಘೋಷಿಸಿದರು. 2015ರ ಜನವರಿ 14ರಂದು ಅಂದಿನ ಜಗದ್ಗುರು ಫ್ರಾನ್ಸಿಸ್ ಅದೇ ನಗರದ ಗಾಲ್ ಫೇಸ್ ಕಡಲ ತೀರದಲ್ಲಿ ಅವರನ್ನು ಸಂತ ಪದವಿಗೆ ಏರಿಸಿದರು. ಅವರು ಕಟ್ಟಿದ ಗೋವೆಯ ಒರತೋರಿಯನ್ನು ಪೋರ್ಚುಗೀಸ್ ಸರ್ಕಾರ 1830ರ ದಶಕದಲ್ಲಿ ಮುಚ್ಚಿಸಿತು. ಹಳೆ ಗೋವೆಯಲ್ಲಿ ಪವಾಡದ ಶಿಲುಬೆಯ ಇಗರ್ಜಿ ಇಂದು ಪಾಳುಬಿದ್ದ ಕಟ್ಟಡ. ಕ್ಯಾಂಡಿಯಲ್ಲಿ ಅವರನ್ನು ಹೂಳಿದ್ದ ಇಗರ್ಜಿ ನಂತರದ ಕಾಲದಲ್ಲಿ ನಾಶವಾಯಿತು. ಸಮಾಧಿ ಎಲ್ಲಿದೆಯೆಂದು ಗುರುತು ಸಿಕ್ಕಿಲ್ಲ.